ಏರ್ ರೈಫಲ್ ತಗೊಳ್ಳೋರಿಗೆ: 177 ಸಾಕಾ, 22 ಬೇಕಾ?

ಮೆಕ್ಕೆಜೋಳ ತೆನೆ ಕಟ್ಟೋ ಹೊತ್ತಿಗೆ ಜಗಳೂರು, ಹೊಳಲ್ಕೆರೆ ಕಡೆ ಹಂದಿ ಕಾಟ ಶುರುವಾಗುತ್ತೆ. ಅದರ ಹಿಂದೆಯೇ ಏರ್ ಗನ್ ವಿಚಾರಣೆಯೂ ಶುರು: ‘177 ತಗೊಳ್ಳೋದಾ, 22 ತಗೊಂಡ್ರೆ ಹೊಡೆತ ಜೋರಾ?’ 177, 22 ಅಂದರೆ ಬೋರ್, ನಳಿಗೆಯ ಒಳ ಅಗಲ. ಹಂದಿಗೆ ಅಂತಾದರೆ ಎರಡೂ ಬೇಡ.

ದೊಡ್ಡ ಪ್ರಾಣಿಗೆ ಎಂಥ ಶಕ್ತಿ ಬಳಸುತ್ತಾರೆ ಅಂತ ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ ಎಲ್ಕ್ ಅಂತ ಒಂದು ದೊಡ್ಡ ಜಿಂಕೆ ಇದೆ, ಮೈಕಟ್ಟಿನಲ್ಲಿ ನಮ್ಮ ಕಡವೆಯ ಹಾಗೆ. ಅಲ್ಲಿ ಅದರ ಬೇಟೆಗೆ ಕಾನೂನಿನ ಅನುಮತಿ ಸಿಗುತ್ತೆ. ಯಾವ ಬೋರ್ ಒಳ್ಳೇದು ಅಂತ ಅವರು ಜಗಳ ಆಡೋದು 270 ವಿಂಚೆಸ್ಟರ್, 30-06 ಇಂಥ ದೊಡ್ಡ ರೈಫಲ್ ತೋಟಾಗಳ ನಡುವೆ. 30-06ರಲ್ಲಿ 180 ಗ್ರೇನ್ ಗುಂಡು, ಅಂದರೆ 11.7 ಗ್ರಾಂ, ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತೆ. ಶಕ್ತಿ ಹತ್ತಿರ ಹತ್ತಿರ 3,900 ಜೂಲ್. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ಗೆ ಮಿತಿಯೇ 20 ಜೂಲ್. ಹತ್ತಿರ ಹತ್ತಿರ ಇನ್ನೂರರಲ್ಲಿ ಒಂದು ಪಾಲು ಅಷ್ಟೆ. ಗಂಡು ಹಂದಿಯ ಭುಜದ ಚರ್ಮ ಬಲು ದಪ್ಪ. ಪೆಲೆಟ್ (ಏರ್ ಗನ್‌ನ ಪುಟ್ಟ ಸೀಸದ ಗುಂಡು) ಅಲ್ಲೇ ಸಿಕ್ಕಿಕೊಂಡು ಗಾಯ ಕೀವಾಗುತ್ತೆ ಅಷ್ಟೆ, ಹಂದಿ ಮತ್ತೆ ಬರುತ್ತೆ, ಸಿಟ್ಟಿನಿಂದ ಬರುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಹೊಡೆಯೋದು ಅಪರಾಧ. ನವಿಲಿಗೆ ಗುರಿ ಇಟ್ಟರಂತೂ ಕೇಳೋದೇ ಬೇಡ. ರಂಗಯ್ಯನದುರ್ಗದ ಕೊಂಡುಕುರಿ ಕಾಡಿನ ಅಂಚಿನ ಹೊಲಗಳವರು ಆ ದುಡ್ಡನ್ನು ಸೋಲಾರ್ ಬೇಲಿಗೆ ಹಾಕೋದು ಮೇಲು.

ಇನ್ನು ಗುರಿ ಅಭ್ಯಾಸಕ್ಕೆ ಅಂತ ಕೇಳೋರ ವಿಷಯ. 177 ಅಂದರೆ 4.5 ಮಿ.ಮೀ., 22 ಅಂದರೆ 5.5 ಮಿ.ಮೀ. 2016ರ ಶಸ್ತ್ರ ನಿಯಮಗಳಲ್ಲಿ ಬೋರ್ 4.5 ಮಿ.ಮೀ. ದಾಟಿದರೂ ಲೈಸೆನ್ಸ್ ಬೇಕು, ಶಕ್ತಿ 20 ಜೂಲ್ ದಾಟಿದರೂ ಬೇಕು. ‘22 ಆದರೂ ಪವರ್ ಕಮ್ಮಿ ಇದೆ, ನಡೆಯುತ್ತೆ’ ಅನ್ನೋ ಮಾತು ನಂಬಬೇಡಿ. ಬಿಲ್ ಜೋಪಾನವಾಗಿಡಿ. ಸ್ಪ್ರಿಂಗ್ ಬದಲಿಸಿ ಪವರ್ ಏರಿಸಿಕೊಡ್ತೀನಿ ಅನ್ನೋರ ಹತ್ತಿರ ಹೋಗಲೇಬೇಡಿ. ಮಿತಿ ದಾಟಿದ ಮೇಲೆ ಅದು ಲೈಸೆನ್ಸ್ ಇಲ್ಲದ ಬಂದೂಕು.

ಕಾನೂನು ಪಕ್ಕಕ್ಕಿಟ್ಟರೂ ಕಲಿಯೋರಿಗೆ 177 ವಾಸಿ. 20 ಜೂಲ್‌ನಲ್ಲಿ 0.53 ಗ್ರಾಂನ 177 ಪೆಲೆಟ್ ಸೆಕೆಂಡಿಗೆ ಸುಮಾರು 275 ಮೀಟರ್ ಓಡುತ್ತೆ, 0.93 ಗ್ರಾಂನ 22 ಪೆಲೆಟ್ 207 ಮೀಟರ್. ನಿಧಾನ ಹೋದದ್ದು ಜಾಸ್ತಿ ಇಳಿಯುತ್ತೆ. ನಳಿಗೆಯ ನೇರದಿಂದ 30 ಮೀಟರ್‌ನಲ್ಲಿ 177 ಇಳಿಯೋದು 7 ಸೆಂ.ಮೀ. ಆಸುಪಾಸು, 22 ಹನ್ನೊಂದು ಹನ್ನೆರಡು. ದೂರ ಅಂದಾಜು ತಪ್ಪಿದರೆ ಗುರಿಯೂ ಅಷ್ಟೇ ತಪ್ಪುತ್ತೆ. ಗಾಳಿಗೆ 22 ಸ್ವಲ್ಪ ಕಮ್ಮಿ ವಾಲುತ್ತೆ ಅನ್ನೋದು ನಿಜ, ಆದರೆ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನ್ ತಿರುಗಿಸೋ ಮಳೆಗಾಲದ ಗಾಳಿಗೆ ಎರಡೂ ಲೆಕ್ಕಕ್ಕಿಲ್ಲ. ಬೆಳಗ್ಗೆ ಗಾಳಿ ಏಳೋ ಮುಂಚೆ ಹೊಡೆಯಿರಿ. 10 ಮೀಟರ್ ಸ್ಪರ್ಧೆಗೆ 4.5 ಮಿ.ಮೀ. ಬಿಟ್ಟರೆ ಬೇರೆ ಬೋರ್ ಒಪ್ಪೋದೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಇದೇ ಬೋರ್‌ನಲ್ಲಿ.

ಬೋರ್ ಬಗ್ಗೆ ತಲೆ ಕೆಡಿಸಿಕೊಳ್ಳೋರು ಪೆಲೆಟ್ ಬಗ್ಗೆ ಯೋಚನೆಯನ್ನೇ ಮಾಡಲ್ಲ. ಎಲ್ಲ ಕೆಡೋದು ಅಲ್ಲೇ. 177 ಅಂತ ಬರೆದಿದ್ದರೂ ಪೆಲೆಟ್ ತಲೆ 4.49, 4.50, 4.51 ಅಂತ ಬೇರೆ ಬೇರೆ ಅಳತೆಯಲ್ಲಿ ಬರುತ್ತೆ. ಹೆಬ್ಬೆರಳಲ್ಲಿ ಒತ್ತಿದಾಗ ಸಣ್ಣ ತಡೆ ಕೊಟ್ಟು ಒಳಗೆ ಕೂರಬೇಕು. ತಾನಾಗೇ ಜಾರಿ ಬಿದ್ದರೆ ಸಡಿಲ, ಗಾಳಿ ಸುತ್ತಲಿಂದ ಸೋರುತ್ತೆ. ಹಿಂಬದಿಯ ಲಂಗ (ಅಗಲವಾದ ಟೊಳ್ಳು ಅಂಚು) ಸೊಟ್ಟಗಾದ ಪೆಲೆಟ್ ಎಸೆದುಬಿಡಿ. ಮೂರು ನಾಲ್ಕು ಬಗೆ ಚಪ್ಪಟೆ ತಲೆ ಪೆಲೆಟ್ ತಂದು, ಒಂದೊಂದರಲ್ಲೂ ಐದೈದು ಏಟು 10 ಮೀಟರ್‌ನಿಂದ ಕೂತು ಹೊಡೆಯಿರಿ. ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿ.ಮೀ. ಕಳೆಯಿರಿ. ಯಾವುದು ಚಿಕ್ಕದೋ ಅದೇ ನಿಮ್ಮ ನಳಿಗೆಗೆ ಒಗ್ಗಿದ ಪೆಲೆಟ್. ಪಕ್ಕದ ಮನೆಯವನ ಅದೇ ಮಾಡೆಲ್‌ಗೆ ಅದು ಒಗ್ಗದೆಯೂ ಇರಬಹುದು. ಡಬ್ಬದ ಮೇಲೆ ಸೆಕೆಂಡಿಗೆ 1,000 ಅಡಿಗೂ ಮೇಲೆ ಅಂತ ಕಂಡರೆ ಮರುಳಾಗಬೇಡಿ. ಬಹುಪಾಲು ಅದು ತೀರಾ ಹಗುರ ಪೆಲೆಟ್‌ನಲ್ಲಿ ಅಳೆದದ್ದು, ಶಬ್ದದ ವೇಗದ ಹತ್ತಿರ ಹೋದಷ್ಟೂ ಪೆಲೆಟ್ ತಡಬಡಾಯಿಸುತ್ತೆ.

ಮೊದಲ ಗನ್ ನಳಿಗೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್‌ನದ್ದೇ ಇರಲಿ. ಪಿಸಿಪಿ (ಮೊದಲೇ ಗಾಳಿ ತುಂಬಿಟ್ಟು ಹೊಡೆಯೋ ಗನ್) ನಿಖರ ನಿಜ, ಆದರೆ 200 ಬಾರ್ ಗಾಳಿ ತುಂಬೋ ಪಂಪ್ ಬೇರೆ ಬೇಕು, ಅದರ ರಿಪೇರಿ ಬೇರೆ. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಒದೆಯುತ್ತೆ. ಇದರಿಂದಲೇ ಸಾಧಾರಣ ಸ್ಕೋಪ್ ಒಳಗೆ ಬಿಚ್ಚಿಹೋಗೋದು, ಸ್ಕ್ರೂ ಸಡಿಲ ಆಗೋದು. ಮುಂಗಟ್ಟಿಗೆಯನ್ನು (ನಳಿಗೆ ಕೆಳಗಿನ ಹಿಡಿಯನ್ನು) ಗಟ್ಟಿ ಮೇಜಿನ ಮೇಲೆ ಊರಬೇಡಿ, ತೆರೆದ ಅಂಗೈ ಮೇಲೆ ಸಡಿಲವಾಗಿ ಕೂರಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ. ಪೆಲೆಟ್ ಹಾಕದೆ ಟ್ರಿಗರ್ ಎಳೆದರೆ ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ಹೋಗಿ ಗುದ್ದುತ್ತೆ, ಸೀಲ್ ಹಾಳಾಗುತ್ತೆ. ಗಾಳಿ ಬರೋ ತೂತಿಗೆ ಎಣ್ಣೆ ಬಿಟ್ಟರೆ ಅದು ಒಳಗೇ ಹೊತ್ತಿಕೊಂಡು ಢಂ ಅನ್ನುತ್ತೆ, ಹೊಗೆ ಬರುತ್ತೆ. ‘ಪವರ್ ಬಂತು’ ಅಂತ ಖುಷಿಪಡೋರಿದ್ದಾರೆ. ಕೆಡೋದು ಅವರ ಸೀಲ್, ಸ್ಪ್ರಿಂಗ್.

ಗುರಿಯ ಹಿಂದೆ ಪೆಲೆಟ್ ಹಿಡಿಯೋ ತಡೆ ಮಾತ್ರ ಮೊದಲೇ ಕಟ್ಟಿಕೊಳ್ಳಿ. ಹಲಗೆಗೋ ಕಲ್ಲಿನ ಗೋಡೆಗೋ ಹೊಡೆದರೆ ಪೆಲೆಟ್ ನೇರ ಕಣ್ಣಿಗೇ ವಾಪಸ್ ಬರಬಹುದು. ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಗಿಡಿದು, ಹಿಂದೆ ಮರಳಿನ ಚೀಲ ಇಡಿ. ಸ್ಪರ್ಧೆಯ ಲೆಕ್ಕದಲ್ಲಿ ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರಕ್ಕೆ ಬರಲಿ. ಕನ್ನಡಕ ಹಾಕದೆ ಯಾರೂ ಹತ್ತಿರ ನಿಲ್ಲಬಾರದು. ಪೆಲೆಟ್ ಸೀಸದ್ದು, ಬಾಯಲ್ಲಿ ಕಚ್ಚಿಕೊಂಡು ಲೋಡ್ ಮಾಡೋ ಚಟ ಬಿಡಿ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.