ಬಾವಿಯಲ್ಲಿ ಬಳೆ, ನೇತ್ರಾಣಿಯಲ್ಲಿ ಮೀನು: ನೀರೊಳಗಿನ ಫೋಟೋ ಕಲಿಕೆ ಇಲ್ಲಿಗೆ ಬಂತು

ಕೊಪ್ಪಳದಿಂದ ಸಮುದ್ರ ದೂರ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾಟಿ ಮುರ್ಡೇಶ್ವರ ಮುಟ್ಟಬೇಕು. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ಮಳೆಗಾಲದಲ್ಲಿ ಅದೂ ಇಲ್ಲ. 18 ಮೀಟರ್‌ವರೆಗೆ ಇಳಿಯುವ ಸ್ಕೂಬಾ ಡೈವಿಂಗ್ ಸರ್ಟಿಫಿಕೇಟ್ ಕೈಯಲ್ಲಿದ್ದರೂ ನನಗೆ ಸಮುದ್ರ ಸಿಗುವುದು ವರ್ಷಕ್ಕೆ ಕೆಲವೇ ದಿನ. ಆ ಹೊತ್ತನ್ನು ಕ್ಯಾಮೆರಾದ ಗುಂಡಿ ಹುಡುಕುತ್ತಾ ಕಳೆಯಲು ಮನಸ್ಸು ಬರಲಿಲ್ಲ. ಅದಕ್ಕೇ ಅಭ್ಯಾಸವನ್ನು ಕುಷ್ಟಗಿ ಕಡೆ ಇರುವ ನಮ್ಮ ಮಾವನ ದಾಳಿಂಬೆ ತೋಟದ ಬಾವಿಯಲ್ಲಿ ಶುರು ಮಾಡಿದೆ.

ತುಂಗಭದ್ರೆ ಪಕ್ಕದಲ್ಲೇ ಇದೆಯಲ್ಲ ಅಂತ ತುಂಬಾ ಜನ ಕೇಳಿದರು. ಹೊಳೆಯಲ್ಲಿ ಮೊಸಳೆಗಳಿವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಪಾತ್ರ 2015ರಿಂದ ನೀರುನಾಯಿಗಳಿಗೆ ಮೀಸಲು. ಅಲ್ಲಿ ಇಳಿಯುವ ಮಾತೇ ಇಲ್ಲ.

ಕ್ಯಾಮೆರಾ ಒಲಿಂಪಸ್ ಟಿಜಿ-6, ಸೆಕೆಂಡ್ ಹ್ಯಾಂಡ್. ಇದು ಹಾಗೇ 15 ಮೀಟರ್ ತಾಳುತ್ತದೆ, ಅದರದೇ ಹೌಸಿಂಗ್, ಅಂದರೆ ನೀರು ನುಗ್ಗದ ಗಟ್ಟಿ ಹೊರಪೆಟ್ಟಿಗೆ, ಹಾಕಿದರೆ 45 ಮೀಟರ್. ಪ್ರತಿ 10 ಮೀಟರಿಗೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಆ ಒತ್ತಡವನ್ನು ತಡೆಯುವುದು ಹೌಸಿಂಗ್ ಬಾಗಿಲಿನ ಸುತ್ತ ಕೂತಿರುವ ತೆಳ್ಳನೆಯ ರಬ್ಬರ್ ಓ-ರಿಂಗ್. ಅದರ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಇದ್ದರೂ ನೀರಿಗೆ ದಾರಿ ಸಿಕ್ಕ ಹಾಗೆ. ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ, ಹಾಗಾಗಿ ಹೌಸಿಂಗನ್ನು ತೋಟದಲ್ಲಿ ತೆರೆಯುವುದೇ ಇಲ್ಲ. ಮನೆಯಲ್ಲೇ ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಮುಚ್ಚಿಕೊಂಡು ಹೋಗುತ್ತೇನೆ. ಮೊದಲ ಸಲ ಕ್ಯಾಮೆರಾ ಇಡದೆ, ಬರೀ ಒಣ ಟಿಶ್ಯೂ ಇಟ್ಟು ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದೆ. ಹೊಸಬರು ಯಾರೇ ಆದರೂ ಇದನ್ನು ಬಿಡಬೇಡಿ.

ಬಾವಿಯಲ್ಲಿ ಮೊದಲ ಪಾಠ ಬಣ್ಣದ್ದು. ಅಕ್ಕನ ಹತ್ತಿರ ಕೆಂಪು, ಕೇಸರಿ, ಹಳದಿ, ಹಸಿರು, ನೀಲಿ ಗಾಜಿನ ಬಳೆ ಇಸಿದುಕೊಂಡೆ. ಒಂದೇ ದಾರಕ್ಕೆ ಪೋಣಿಸಿ, ನೀರೊಳಗಿನ ಮೆಟ್ಟಿಲಿಗೆ ಕಟ್ಟಿದೆ. ದಡದಲ್ಲಿ ಕೂತಿದ್ದ ಮಾವ, "ಏನ್ ತಮ್ಮಾ, ಬಾವಿಗೆ ಸೀಮಂತ ಮಾಡಾಕತ್ತೀಯೇನು?" ಅಂದರು. ಒಂದು ಗೇಣು ದೂರದಿಂದ ತೆಗೆದಾಗ ಕೆಂಪು ಕೆಂಪಾಗಿಯೇ ಬಂತು. ಅದೇ ಆಳದಲ್ಲಿ ಬಾವಿಯ ಆಚೆ ಗೋಡೆಗೆ ಹೋಗಿ ತೆಗೆದರೆ ಕೆಂಪು ಬಳೆ ಮಣ್ಣಿನ ಬಣ್ಣ, ಕೇಸರಿ ಕೊಳೆ ಹಳದಿ. ನೀರು ಮೊದಲು ನುಂಗುವುದು ಕೆಂಪನ್ನು. ತಿಳಿಯಾದ ಸಮುದ್ರದಲ್ಲೂ ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ. ಆದರೆ ಆಳ ಒಂದನ್ನೇ ಲೆಕ್ಕ ಹಾಕಿದರೆ ಸಾಲದು. ಬೆಳಕು ಮೇಲಿನಿಂದ ಮೀನಿಗೆ ಬರುವ ದಾರಿ, ಮೀನಿನಿಂದ ಲೆನ್ಸಿಗೆ ಬರುವ ದಾರಿ, ಎರಡೂ ಸೇರುತ್ತವೆ. ಆಳ ನಮ್ಮ ಕೈಯಲ್ಲಿಲ್ಲ, ದೂರ ಕಡಿಮೆ ಮಾಡುವುದು ಮಾತ್ರ ಇದೆ. ಜೂಮ್ ಮಾಡಿದರೆ ನಡುವಿನ ನೀರು ಕಡಿಮೆಯಾಗುವುದಿಲ್ಲ, ನಾವೇ ಹತ್ತಿರ ಹೋಗಬೇಕು.

ಫ್ಲ್ಯಾಶ್ ಹಾಕಿದರೆ ಆಗಲ್ವಾ? ಕ್ಯಾಮೆರಾದ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುತ್ತದೆ. ಧೂಳೆದ್ದ ರಸ್ತೆಯಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ, ನೀರಿನ ಕಣಗಳೆಲ್ಲ ಬೆಳಗಿ ಫೋಟೋ ತುಂಬಾ ಬಿಳಿ ಚುಕ್ಕೆ. ಈಗ ಫ್ಲ್ಯಾಶ್ ಆಫ್ ಮಾಡಿ, ಎಡಗೈ ಚಾಚಿ ಪಕ್ಕದಿಂದ ಟಾರ್ಚ್ ಹಿಡಿಯುತ್ತೇನೆ. ಚುಕ್ಕೆ ತುಂಬಾ ಕಡಿಮೆಯಾಗಿದೆ.

ಇಲ್ಲಿಯವರೆಗಿನ ನನ್ನ ಇಷ್ಟದ ಫೋಟೋ ಇದೇ ಬಾವಿಯ ಜಿಲೇಬಿ ಮೀನಿನದು. ತಾಯಿ ಮೀನು ಮರಿಗಳನ್ನು ಬಾಯಲ್ಲೇ ಸಾಕುತ್ತದೆ. ಹೊರಗೆ ಬಿಟ್ಟು ಮೇಯಿಸುತ್ತದೆ, ಹೆದರಿಕೆಯಾದರೆ ಮತ್ತೆ ಒಳಗೆ ಸೇರಿಸಿಕೊಳ್ಳುತ್ತದೆ. ಕಾಲು ಬಡಿಯದೆ, ಮೆಟ್ಟಿಲು ಹಿಡಿದುಕೊಂಡು, ಎದುರಿನಿಂದಲ್ಲದೆ ಪಕ್ಕದಿಂದ ನಿಧಾನವಾಗಿ ಸರಿದೆ. ಆದರೂ ತಾಯಿಗೆ ಗೊತ್ತಾಯಿತು. ಬಾಯಿ ತೆರೆಯಿತು, ಮರಿಗಳು ನುಗ್ಗಿದವು. ಫೋಟೋದಲ್ಲಿ ಅದರ ಗಂಟಲು ಉಬ್ಬಿದೆ, ಒಂದು ಮರಿ ಮಾತ್ರ ಇನ್ನೂ ತುಟಿಯ ಹೊರಗಿದೆ. ಅದರ ಕಣ್ಣು ಚೂಪಾಗಿ ಬಂದಿದೆ. ಮಾವ ಆ ಫೋಟೋ ಫೋನಿಗೆ ಹಾಕಿಸಿಕೊಂಡರು. ಆವತ್ತಿಂದ ಬಾವಿಗೆ ಗಾಳ ಹಾಕಲು ಯಾರಿಗೂ ಬಿಡುತ್ತಿಲ್ಲ.

ಒಂದು ಎಚ್ಚರ. ಬಾವಿಯಲ್ಲಿ ನಾನು ಬರೀ ಸ್ನಾರ್ಕೆಲ್‌ನಲ್ಲಿ (ನೀರಿನ ಮೇಲೆ ತೇಲುತ್ತಾ ಉಸಿರಾಡುವ ಕೊಳವೆ), ಉಸಿರು ಹಿಡಿದು ಸ್ವಲ್ಪ ಹೊತ್ತು ಇಳಿಯುತ್ತೇನೆ. ಮೇಲೆ ಹಗ್ಗ ಹಿಡಿದು ಒಬ್ಬರು ಇರಲೇಬೇಕು. ಸಿಲಿಂಡರ್ ಹಾಕಿಕೊಂಡು ಡೈವ್ ಮಾಡುವಾಗ ಇದಕ್ಕೆ ಪೂರ್ತಿ ಉಲ್ಟಾ: ಉಸಿರು ಹಿಡಿಯಲೇಬಾರದು. ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಫೋಟೋದ ಆಸೆಗೆ ಇದನ್ನು ಮರೆಯುವುದು ಸುಲಭ, ಅದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಮೇಲೆ ಸೀಸನ್‌ನಲ್ಲಿ ನೇತ್ರಾಣಿಗೆ ಹೋದಾಗ ಬಾವಿಯ ಪಾಠ ಕೈ ಹಿಡಿಯಿತು. ಅಲ್ಲಿ ಹಿಡಿದುಕೊಳ್ಳಲು ಮೆಟ್ಟಿಲಿಲ್ಲ, ಹವಳ ಮುಟ್ಟುವಂತಿಲ್ಲ. ಉಸಿರು ಎಳೆದರೆ ದೇಹ ಸ್ವಲ್ಪ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ನಿಧಾನವಾಗಿ ಉಸಿರು ಬಿಡುತ್ತಾ ಬಟನ್ ಒತ್ತುವುದು ನನಗೆ ಸರಿಹೋಯಿತು. ಬಿಳಿ ಸ್ಲೇಟ್ ತೋರಿಸಿ, ಬಿಳಿ ಬಿಳಿಯಾಗಿಯೇ ಬರುವ ಹಾಗೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಹೊಂದಿಸಿದೆ, ಆಳ ಬದಲಾದಾಗಲೆಲ್ಲ ಮತ್ತೆ ಮಾಡಿದೆ. ರಾ ಫೈಲ್ (ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಮೂಲ ಫೋಟೋ ಫೈಲ್) ಇದ್ದದ್ದರಿಂದ ಮನೆಗೆ ಬಂದ ಮೇಲೂ ಬಣ್ಣ ತಿದ್ದಲು ಆಯಿತು. ಚಿಟ್ಟೆ ಮೀನುಗಳನ್ನು ಮೇಲಿನಿಂದ ತೆಗೆದವು ಬಂಡೆಯಲ್ಲಿ ಕಲೆತುಹೋಗಿವೆ. ಸ್ವಲ್ಪ ಕೆಳಗಿಳಿದು ಮೇಲಕ್ಕೆ ನೋಡಿ ತೆಗೆದವುಗಳಲ್ಲಿ ಹಿಂದೆ ನೀಲಿ ನೀರಷ್ಟೇ ಇದೆ, ಹಳದಿ ಮೈ ಎದ್ದು ಕಾಣುತ್ತದೆ.

ಮುಂದಿನ ಕೆಲಸ ಹೊರಗಿನ ಸ್ಟ್ರೋಬ್, ಅಂದರೆ ಲೆನ್ಸಿನಿಂದ ದೂರ ಇಡಬಹುದಾದ ಬೇರೆ ಫ್ಲ್ಯಾಶ್. ದುಡ್ಡು ಕೂಡಿಡುತ್ತಿದ್ದೇನೆ. ಅಕ್ಟೋಬರ್‌ನಲ್ಲಿ ದೋಣಿ ಶುರುವಾಗುವ ಮೊದಲು ಅದರ ಕೋನವನ್ನು ಬಳೆಗಳ ಮೇಲೆ ಕಲಿತುಬಿಡಬೇಕು. ಕೊಪ್ಪಳ, ರಾಯಚೂರು ಕಡೆಯವರು ಯಾರಾದರೂ ಕ್ಯಾಮೆರಾ ಹಿಡಿದು ಬರುವುದಾದರೆ ಮಾವನ ಬಾವಿ ಇದೆ. ಈಜು ಬರಬೇಕು, ಗಾಳ ತರಬಾರದು.