90 ಕೆಜಿಯಲ್ಲಿ ನಿಂತುಹೋದ ಸ್ಕ್ವಾಟ್

ಆಗ ನನ್ನ ಡೆಡ್‌ಲಿಫ್ಟ್, ಅಂದರೆ ಬಾರನ್ನು ನೆಲದಿಂದ ಎತ್ತಿ ನಿಲ್ಲುವುದು, 150 ಕೆಜಿ ಇತ್ತು. ಸ್ಕ್ವಾಟ್, ಅಂದರೆ ಬಾರ್ ಬೆನ್ನ ಮೇಲೆ ಹೊತ್ತು ಕೂತು ಏಳುವುದು, 90. ಬಾರ್ಬೆಲ್ ಎತ್ತಿ ಅಭ್ಯಾಸ ಇರುವವರಿಗೆ ಇಷ್ಟು ಹೇಳಿದರೆ ಸಾಕು. ಡೆಡ್‌ಲಿಫ್ಟ್ ಸ್ವಲ್ಪ ಮುಂದಿರುವುದು ಮಾಮೂಲು, ಆದರೆ 60 ಕೆಜಿ ಅಂತರ ಅಂದರೆ ಸ್ವಲ್ಪ ಅತಿಯಾಯಿತು ಅಲ್ವಾ?

ಕೇಳಿದವರದೆಲ್ಲ ಒಂದೇ ಮಾತು. "ಕಾಲು ವೀಕು. ಲೆಗ್ ಪ್ರೆಸ್ ಜಾಸ್ತಿ ಮಾಡಿ." ಮಾಡುತ್ತಿದ್ದೆ. ಅಲ್ಲಿ ಪ್ಲೇಟಿನ ಮೇಲೆ ಪ್ಲೇಟ್ ಏರುತ್ತಿತ್ತು. ಸ್ಕ್ವಾಟ್ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಲೆಗ್ ಪ್ರೆಸ್ ಅಂಕಿಗೆ ಮರುಳಾಗುವುದು ಸುಲಭ. 45 ಡಿಗ್ರಿ ಓರೆ ಹಳಿಯ ಮೇಲೆ ತಳ್ಳುವಾಗ, ಹಾಕಿದ ತೂಕದ ಸುಮಾರು 70 ಪರ್ಸೆಂಟ್ ಮಾತ್ರ ಕಾಲಿಗೆ ಬರುತ್ತದೆ. ಸಾಲದ್ದಕ್ಕೆ ಬೆನ್ನಿಗೆ ಒರಗು ಬೇರೆ. ಸ್ಕ್ವಾಟ್‌ನಲ್ಲಿ ಆ ಒರಗು ನಾವೇ ಆಗಬೇಕು.

ಒಂದು ಸಂಜೆ ಜಿಮ್‌ನಲ್ಲಿ 92.5 ಹಾಕಿ ನೋಡಿದೆ. ಕೆಳಗೆ ಹೋದೆ, ಅಲ್ಲೇ ಉಳಿದೆ. ಹಿಂದೆ ನಿಂತಿದ್ದ ಹುಡುಗ ಬಾರ್ ಹಿಡಿದು ಎತ್ತಿಕೊಟ್ಟ. ಪಕ್ಕದ ರ‍್ಯಾಕ್‌ನಲ್ಲಿ (ಬಾರ್ ಇಡುವ ಕಂಬಗಳ ಚೌಕಟ್ಟು) ಹಿರಿಯರೊಬ್ಬರು ಇದ್ದರು. ಒಂದು ಕಾಲಕ್ಕೆ ಪವರ್‌ಲಿಫ್ಟಿಂಗ್ ಸ್ಪರ್ಧೆಗಳಿಗೆ ಹೋಗುತ್ತಿದ್ದವರು, ಮಾತು ಕಮ್ಮಿ. ಅವತ್ತು ಮಾತ್ರ ಅವರಾಗೇ ಬಂದರು.

"ಎಲ್ಲಿ ನಿಲ್ಲುತ್ತೆ?"

"ಏಳೋಕೇ ಆಗಲ್ಲ ಸರ್."

"ಅದಲ್ಲ ಕೇಳಿದ್ದು. ತಳದಲ್ಲೇ ನಿಲ್ಲುತ್ತಾ, ಅರ್ಧ ಬಂದು ನಿಲ್ಲುತ್ತಾ? ಮೊದಲು ಸೋಲೋದು ಕಾಲಾ, ಬೆನ್ನಾ?"

ಬಾರ್ ಹೊತ್ತು ಕೂತವರಿಗೆ ಅಷ್ಟೆಲ್ಲ ಗಮನಿಸುವ ಪುರುಸೊತ್ತು ಎಲ್ಲಿರುತ್ತದೆ? ಅವರು ನನ್ನ ಫೋನ್ ಇಸಿದುಕೊಂಡು ಬೆಂಚಿನ ಮೇಲೆ, ಸೊಂಟದ ಎತ್ತರಕ್ಕೆ, ನೇರವಾಗಿ ಪಕ್ಕಕ್ಕೆ ಬರುವಂತೆ ಇಟ್ಟರು. ಮುಂದಿನಿಂದ ತೆಗೆದ ವಿಡಿಯೋದಲ್ಲಿ ಮುಖದ ಕಷ್ಟ ಚೆನ್ನಾಗಿ ಕಾಣುತ್ತದೆ, ಬಾರ್ ಹೋಗುವ ದಾರಿ ಕಾಣುವುದಿಲ್ಲ. 80 ಕೆಜಿ ಹಾಕಿ 5 ರೆಪ್, ಅಂದರೆ ಐದು ಸಲ, ಮಾಡಿಸಿದರು.

ನೋಡಿದರೆ, ಇಳಿಯುವುದು ಚೆನ್ನಾಗಿಯೇ ಇತ್ತು. ತೊಡೆಯ ಬುಡ ಮಂಡಿಗಿಂತ ಕೆಳಗೆ ಹೋಗುತ್ತಿತ್ತು, ಸ್ಪರ್ಧೆಯಲ್ಲಿ ಕೇಳುವ ಆಳ ಅದೇ. ತಮಾಷೆ ಶುರುವಾಗುವುದು ಏಳುವಾಗ. ಮೊದಲು ಪಿರ್ರೆ ಮೇಲೆ ಹೋಯಿತು. ಎದೆ ಇದ್ದಲ್ಲೇ ಇತ್ತು. ಮಂಡಿ ಹಿಂದಕ್ಕೆ ಸರಿಯಿತು, ಬಾರ್ ಪಾದದ ನಡುಭಾಗ ಬಿಟ್ಟು ಬೆರಳಿನ ಕಡೆಗೆ ಜಾರಿತು. ಅಲ್ಲಿಂದ ಮುಂದೆ ನಾನು ಮಾಡುತ್ತಿದ್ದದ್ದು ಸ್ಕ್ವಾಟೇ ಅಲ್ಲ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಕೆಲಸ. ಲಿಫ್ಟರ್‌ಗಳು ಇದನ್ನು ಗುಡ್ ಮಾರ್ನಿಂಗ್ ಸ್ಕ್ವಾಟ್ ಅನ್ನುತ್ತಾರೆ.

ಇದರ ಲೆಕ್ಕ ಸರಳ. ಬಾರ್ ಹೆಚ್ಚು ಕಮ್ಮಿ ಪಾದದ ನಡುವಿನ ನೇರಕ್ಕೆ ಇದ್ದರೆ ಸಮತೋಲ ತಪ್ಪುವುದಿಲ್ಲ. ಮಂಡಿ ಆ ಗೆರೆಯಿಂದ ಎಷ್ಟು ಮುಂದಿದೆಯೋ ಅಷ್ಟು ಕೆಲಸ ತೊಡೆಯ ಮುಂಭಾಗಕ್ಕೆ. ಸೊಂಟದ ಕೀಲು ಎಷ್ಟು ಹಿಂದಿದೆಯೋ ಅಷ್ಟು ಕೆಲಸ ಪಿರ್ರೆಗೆ ಮತ್ತು ಬೆನ್ನಿಗೆ. ಪಿರ್ರೆ ಮೊದಲು ಎದ್ದರೆ ಮಂಡಿಯ ಪಾಲಿನ ಕೆಲಸ ಸೊಂಟಕ್ಕೆ ವರ್ಗ ಆದಂತೆ. ಮನೆಯಲ್ಲಿ ದುಡಿಯುವವರ ತಲೆಗೇ ಎಲ್ಲ ಕೆಲಸ ಬಂದು ಬೀಳುವ ಹಾಗೆ, ಡೆಡ್‌ಲಿಫ್ಟ್‌ನಲ್ಲಿ ಪಳಗಿದ ನನ್ನ ಬೆನ್ನಿಗೆ ಸ್ಕ್ವಾಟಿನ ಭಾರವೂ ಬೀಳುತ್ತಿತ್ತು. 90ರವರೆಗೆ ಅದು ಹೇಗೋ ತಡೆದುಕೊಂಡಿತ್ತು.

"ಕಾಲು ವೀಕು ಅಂದವರು ಪೂರ್ತಿ ಸುಳ್ಳು ಹೇಳಿಲ್ಲ" ಅಂದರು. ಆದರೆ ಪಿರ್ರೆ ಮೊದಲು ಏಳುವುದಕ್ಕೆ ಬೇರೆ ಕಾರಣವೂ ಇರಬಹುದಂತೆ. ಪಾದದ ಕೀಲು ಬಿಗಿಯಾಗಿರಬಹುದು, ಬೆನ್ನಿನ ಮೇಲ್ಭಾಗ ಸೋಲುತ್ತಿರಬಹುದು. ಒಂದೊಂದಾಗಿ ನೋಡಿದೆವು. ಗೋಡೆಯಿಂದ 10 ಸೆಂಟಿಮೀಟರ್ ದೂರಕ್ಕೆ ಹೆಬ್ಬೆರಳು ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ಎರಡೂ ಕಾಲಿನಲ್ಲಿ ಸಲೀಸಾಗಿ ತಾಗಿತು. ಅಂದರೆ ಪಾದದ ಕೀಲಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಹಿಮ್ಮಡಿ ಎತ್ತರದ ಶೂ ತಗೊಂಡರೆ ಎಲ್ಲ ಸರಿಹೋಗುತ್ತದೆ ಅನ್ನುವ ಆಸೆಯೂ ಅಲ್ಲಿಗೆ ಮುಗಿಯಿತು.

ಆಮೇಲೆ ಫ್ರಂಟ್ ಸ್ಕ್ವಾಟ್. ಬಾರ್ ಬೆನ್ನ ಮೇಲಲ್ಲ, ಭುಜದ ಮುಂದೆ. ಇದರಲ್ಲಿ ಮೋಸ ನಡೆಯುವುದಿಲ್ಲ. ಎದೆ ಬಗ್ಗಿದರೆ ಬಾರ್ ಸೀದಾ ನೆಲಕ್ಕೆ. ಸಾಮಾನ್ಯವಾಗಿ ಇದು ಬ್ಯಾಕ್ ಸ್ಕ್ವಾಟಿನ 80 ಪರ್ಸೆಂಟಿನ ಆಸುಪಾಸು ಬರುತ್ತದೆ. ನನಗೆ 72 ಬರಬೇಕಿತ್ತು. 55ಕ್ಕೇ ಮೊಣಕೈ ಇಳಿಯಿತು, ತೊಡೆ ನಡುಗಿತು. ಅವರು ತಲೆ ಆಡಿಸಿದರು, ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಕ್ವಾಡ್ಸ್ (ತೊಡೆಯ ಮುಂಭಾಗದ ಸ್ನಾಯು), ಬೆನ್ನಿನ ಮೇಲ್ಭಾಗ ಎರಡೂ ಹಿಂದೆ ಬಿದ್ದಿದ್ದವು.

"ಮಂಡಿ ಮುಂದಕ್ಕೆ ಹೋಗಲಿ ಬಿಡಿ" ಅಂದರು ಆಮೇಲೆ. ಮಂಡಿ ಬೆರಳನ್ನು ದಾಟಬಾರದು ಅಂತ ಎಲ್ಲ ಕಡೆ ಹೇಳುತ್ತಾರೆ. ಈ ಮಾತಿನ ಮೇಲೆ ನನಗೆ ಈಗ ಸ್ವಲ್ಪ ಸಿಟ್ಟೇ ಇದೆ. 2003ರಲ್ಲಿ ಆಂಡ್ರ್ಯೂ ಫ್ರೈ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಮಂಡಿ ಮುಂದೆ ಹೋಗದಂತೆ ಹಲಗೆ ಅಡ್ಡ ಇಟ್ಟಾಗ, ಮಂಡಿಯ ಮೇಲೆ ಬೀಳುವ ತಿರುಗು ಬಲ ಸುಮಾರು 22 ಪರ್ಸೆಂಟ್ ಇಳಿಯಿತು. ಸೊಂಟದ ಕೀಲಿನ ಮೇಲೆ ಅದು ಹತ್ತು ಪಟ್ಟಿಗೂ ಜಾಸ್ತಿ ಏರಿತು. ತೊಡೆ ಉದ್ದ ಇರುವ ನನ್ನಂಥವರು ಮಂಡಿ ಹಿಂದಿಟ್ಟುಕೊಂಡು ಆಳಕ್ಕೆ ಕೂತರೆ ಬೆನ್ನು ಬಗ್ಗದೆ ಬೇರೆ ದಾರಿಯೇ ಇಲ್ಲ. ಮಂಡಿ ನೋವು ಇದ್ದವರ ವಿಷಯ ಬೇರೆ, ಅವರು ಫಿಸಿಯೋ ಹತ್ತಿರ ಕೇಳಲಿ.

ಅಷ್ಟು ಹೊತ್ತಿಗೆ ಮನೆಗೆ ಹೋಗಬಹುದಿತ್ತು. ಅವರು ಬಿಡಲಿಲ್ಲ. ಬಾರ್ 60ಕ್ಕೆ ಇಳಿಸಿ, ಬಾರ್ ಬಿಟ್ಟರೆ ತಡೆಯುವ ಸೇಫ್ಟಿ ಬಾರ್‌ಗಳನ್ನು ನಾನು ಕೂತಾಗ ಬಾರ್ ಇರುವ ಎತ್ತರಕ್ಕಿಂತ ಒಂದು ತೂತು ಕೆಳಗೆ ಕೂರಿಸಿ, "ಈಗ ಕೆಳಗೆ ಹೋಗಿ, ಬೇಕಂತಲೇ ಬಾರ್ ಅಲ್ಲಿ ಇಟ್ಟು ಹೊರಗೆ ಬನ್ನಿ" ಅಂದರು. ವಿಚಿತ್ರ ಅನ್ನಿಸಿತು. ಆರಾಮಾಗಿ ಎತ್ತುವ ತೂಕವನ್ನು ಯಾಕೆ ಸುಮ್ನೆ ಬಿಡಬೇಕು? ಬಿಟ್ಟೆ. ಬಾರ್ ಢಣ್ ಅಂತ ಕೂತಿತು, ನಾನು ಮುಂದಕ್ಕೆ ನುಸುಳಿ ಬಂದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಮಾಡಿಸಿದರು. ನನ್ನ ಅವಸರ ಅರ್ಥವಾದದ್ದು ಆಗ. ತಳದಲ್ಲಿ ಸಿಕ್ಕಿಕೊಳ್ಳುವ ಭಯಕ್ಕೆ, ಕೂತ ತಕ್ಷಣ ಹೇಗಾದರೂ ಮೇಲೆ ಬರಬೇಕು ಅಂತ ಮೈ ಹಾತೊರೆಯುತ್ತಿತ್ತು. ಬೇಗ ಮೇಲೆ ಬರುವ ದಾರಿ ಅಂದರೆ ಪಿರ್ರೆ ಎತ್ತಿಬಿಡುವುದು. ಅಂದಹಾಗೆ, ರ‍್ಯಾಕ್ ಇಲ್ಲದ ಕಾಲವೂ ಒಂದಿತ್ತು. 1920ರ ದಶಕದಲ್ಲಿ ಹೆನ್ರಿ ಸ್ಟೈನ್‌ಬಾರ್ನ್ ಅನ್ನುವ ಜರ್ಮನ್ ಲಿಫ್ಟರ್ ಬಾರನ್ನು ನೆಲದಲ್ಲಿ ಒಂದು ತುದಿಯ ಮೇಲೆ ನಿಲ್ಲಿಸಿ, ಅದರ ಕೆಳಗೆ ಕೂತು, ಬೆನ್ನ ಮೇಲೆ ವಾಲಿಸಿಕೊಂಡು ಎದ್ದು ನಿಲ್ಲುತ್ತಿದ್ದರು. ನಮ್ಮ ಭಯ ಅದರ ಮುಂದೆ ಏನೂ ಅಲ್ಲ.

ಕೊನೆಗೆ ಪಾಜ್ ಸ್ಕ್ವಾಟ್. ಅದೇ 60 ಕೆಜಿ, ತಳದಲ್ಲಿ ಮೂರು ಎಣಿಸುವವರೆಗೆ ಕೂತು ಏಳಬೇಕು. ಕೆಳಗೆ ಪುಟಿದು ಬರುವ ಸ್ಪ್ರಿಂಗ್ ಸತ್ತುಹೋಗುತ್ತದೆ, ಕಾಲೇ ತಳ್ಳಬೇಕು. ಕೂರುವ ಮೊದಲು ಮೇಲೆಯೇ ಉಸಿರು ಪೂರ್ತಿ ಎಳೆದು, ಹೊಟ್ಟೆಯನ್ನು ಮುಂದೆ, ಪಕ್ಕ, ಹಿಂದೆ ಎಲ್ಲ ಕಡೆ ಬಿಗಿ ಹಿಡಿದು, ಏಳುವ ಕಷ್ಟದ ಜಾಗ ದಾಟುವವರೆಗೆ ಬಿಡಬಾರದು. ಬಿಪಿ ಇದ್ದವರು ಇದನ್ನು ಡಾಕ್ಟರನ್ನು ಕೇಳಿಯೇ ಮಾಡಬೇಕು. "ಎದೆ ಎತ್ತಿ" ಅಂತ ಅವರು ಒಮ್ಮೆಯೂ ಅನ್ನಲಿಲ್ಲ. ಎದೆ ಎತ್ತಿ ಅಂದರೆ ನಾನು ನಡುವನ್ನು ಹಿಂದಕ್ಕೆ ಕಮಾನಿನಂತೆ ಬಾಗಿಸುತ್ತೇನೆ. ಅವರು ಅಂದದ್ದು ಬೇರೆ: "ಏಳುವಾಗ ಕುತ್ತಿಗೆಯ ಕೆಳಗಿನ ಭಾಗದಿಂದ ಬಾರನ್ನು ಹಿಂದಕ್ಕೆ ಒತ್ತಿ." ಸ್ಕ್ವಾಟ್ ಬಗ್ಗೆ ನಾನು ಕೇಳಿದ ಎಲ್ಲ ಮಾತುಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ. ಹಾಗೆ ಒತ್ತಿದರೆ ಎದೆ, ಪಿರ್ರೆ ಒಟ್ಟಿಗೆ ಏಳುತ್ತವೆ, ತಾನಾಗೇ.

ಮುಂದಿನ ತಿಂಗಳುಗಳು ಬೋರು. ವಾರಕ್ಕೆ ಒಂದು ದಿನ ಇದ್ದ ಸ್ಕ್ವಾಟ್ ಎರಡು ದಿನ ಆಯಿತು. ಒಂದು ದಿನ ಪಾಜ್ ಸ್ಕ್ವಾಟ್, ಇನ್ನೊಂದು ದಿನ ಫ್ರಂಟ್ ಸ್ಕ್ವಾಟ್, ಆಮೇಲೆ ಸ್ವಲ್ಪ ಹಗುರ ಬ್ಯಾಕ್ ಸ್ಕ್ವಾಟ್. ಯಾವ ಸೆಟ್ಟಿನಲ್ಲೂ ಸೋಲುವವರೆಗೆ ಹೋಗುತ್ತಿರಲಿಲ್ಲ. ಇನ್ನೂ ಎರಡು ರೆಪ್ ಆಗುತ್ತದೆ ಅನ್ನುವಾಗಲೇ ನಿಲ್ಲಿಸುವುದು. ಸುಸ್ತಾದಾಗ ಮೈ ಹಳೇ ದಾರಿಗೇ ಓಡುತ್ತದಲ್ಲ. ಅತ್ತ ಒಂದು, ಇತ್ತ ಒಂದು 1.25 ಕೆಜಿ ಪ್ಲೇಟ್ ಏರಿಸುತ್ತಾ ಹೋದೆ. ಪಕ್ಕದವರು 20ರ ಪ್ಲೇಟ್ ಹಾಕುವಾಗ ಆ ಪುಟಾಣಿ ಪ್ಲೇಟ್ ಹಿಡಿದು ನಿಲ್ಲುವುದಕ್ಕೆ ಸ್ವಲ್ಪ ಮರ್ಯಾದೆ ಬಿಡಬೇಕು. ಸೊಂಟಕ್ಕೆ ಬಿಗಿಯುವ ಬೆಲ್ಟ್ ಕೇಳಿದ್ದಕ್ಕೆ "ಇನ್ನೂ ಬೇಡ" ಅಂದರು. ಬೆಲ್ಟ್ ಒತ್ತುವುದಕ್ಕೆ ಹೊಟ್ಟೆ ಮೊದಲು ಬಿಗಿ ಹಿಡಿಯಲು ಕಲಿಯಬೇಕಂತೆ. ಸರಿಯೇ ಅನ್ನಿಸಿತು.

ಈಗ ಸ್ಕ್ವಾಟ್ 110 ಆಗಿದೆ. ಫ್ರಂಟ್ ಸ್ಕ್ವಾಟ್ 85. ಡೆಡ್‌ಲಿಫ್ಟ್ 150ರಲ್ಲೇ ಇದೆ, ಅದಕ್ಕೆ ಬೇಜಾರಿಲ್ಲ. ಪಕ್ಕದಿಂದ ತೆಗೆದ ವಿಡಿಯೋದಲ್ಲಿ ಬಾರ್ ಹೆಚ್ಚು ಕಮ್ಮಿ ನೇರ ಗೆರೆಯಲ್ಲಿ ಏರುತ್ತದೆ. 112.5 ಹಾಕಿದರೆ ತಳದಿಂದ ಬಿಡಿಸಿಕೊಂಡು ಬರುತ್ತೇನೆ, ತೊಡೆ ನೆಲಕ್ಕೆ ಸಮ ಆದ ಮೇಲೆ ಸ್ವಲ್ಪ ಎತ್ತರದಲ್ಲಿ ಸಿಕ್ಕಿಕೊಳ್ಳುತ್ತೇನೆ. ಹೆಚ್ಚಿನವರಿಗೆ ಕಷ್ಟ ಆಗುವ ಜಾಗ ಅದೇ. ಸೇಫ್ಟಿ ಬಾರ್ ಆ ಎತ್ತರಕ್ಕೆ ಇಟ್ಟು, ಅದರ ಮೇಲೆ ನಿಂತ ಬಾರನ್ನು ಅಲ್ಲಿಂದಲೇ ಎತ್ತುವ ಪಿನ್ ಸ್ಕ್ವಾಟ್ ಶುರು ಮಾಡಿದ್ದೇನೆ. ಫ್ರಂಟ್ ಸ್ಕ್ವಾಟ್ ಬಿಟ್ಟಿಲ್ಲ, ಇಷ್ಟವೂ ಆಗಿಲ್ಲ.