ಮೊಳೆ ಹೊಡೆಯದ ಗೋಡೆ

ಇವತ್ತು ತಲೆ ಬಾಚಿಕೊಳ್ಳಲು ಮತ್ತೆ ಬಗ್ಗಿದೆ.

ಕನ್ನಡಿ ಎರಡು ವರ್ಷದಿಂದ ನೆಲದ ಮೇಲೇ ಇದೆ, ಗೋಡೆಗೆ ಒರಗಿಕೊಂಡು. ಜಾರದಿರಲಿ ಅಂತ ಕೆಳಗೊಂದು ಮಡಚಿದ ರಟ್ಟು. ಮೊಳೆಯೂ ಇದೆ, ಸುತ್ತಿಗೆಯೂ ಇದೆ. ಹೊಡೆದಿಲ್ಲ ಅಷ್ಟೇ. ಕೆಲಸದ ಕರಾರು ಮೂರು ತಿಂಗಳಿಗೊಮ್ಮೆ ಮುಂದುವರಿಯುತ್ತದೆ. 'ಈ ಸಲದ್ದು ಗೊತ್ತಾಗಲಿ, ಆಮೇಲೆ ಹೊಡೆಯೋಣ' ಅಂತ ಎಂಟು ಸಲ ಅಂದುಕೊಂಡಿದ್ದೇನೆ.

ಸಂಬಳ ಒಂದು ತಿಂಗಳೂ ತಪ್ಪಿಲ್ಲ. ಲೆಕ್ಕದಲ್ಲಿ ನಾನು ಚೆನ್ನಾಗೇ ಇದ್ದೇನೆ. ಆದರೆ ಡಾಕ್ಟರಿಗೆ ಹಲ್ಲು ತೋರಿಸೋದು ಮುಂದಕ್ಕೆ ಹೋಗಿದೆ. ಗೆಳೆಯರು ಪ್ರವಾಸಕ್ಕೆ ಕರೆದರೆ 'ನೋಡೋಣ' ಅಂತೀನಿ. ದುಡ್ಡು ಬ್ಯಾಂಕಿನಲ್ಲಿ ಸುಮ್ನೆ ಕೂತಿದೆ. ಅರ್ಥಶಾಸ್ತ್ರದವರು ಇದನ್ನು ಮುಂಜಾಗ್ರತೆಯ ಉಳಿತಾಯ ಅನ್ನುತ್ತಾರೆ. ಹೆಸರೇನೋ ಚೆನ್ನಾಗಿದೆ. ನೋಯೋದು ಸೊಂಟ.

2016ರಲ್ಲಿ ಲಂಡನ್ನಿನ ಸಂಶೋಧಕರ ಒಂದು ಪ್ರಯೋಗ ಪ್ರಕಟವಾಗಿತ್ತು. ಶಾಕ್ ಹೊಡೆದೇ ಹೊಡೆಯುತ್ತದೆ ಅಂತ ಗೊತ್ತಿದ್ದಾಗ ಜನಕ್ಕೆ ಅಷ್ಟು ಒತ್ತಡ ಆಗಲಿಲ್ಲವಂತೆ. ಹೊಡೆಯುತ್ತೋ ಇಲ್ಲವೋ, ಅರ್ಧಕ್ಕರ್ಧ ಅನುಮಾನ ಇದ್ದಾಗಲೇ ಜಾಸ್ತಿ ಬೆವರಿದರಂತೆ. ಓದಿ ನಗು ಬಂತು. ನನ್ನನ್ನೇ ಕೂರಿಸಿ ಬರೆದ ಹಾಗಿತ್ತು, ಅಲ್ವಾ?

ಸಂಜೆ ಏನೋ ಹಟ ಬಂದು ಸುತ್ತಿಗೆ ಹುಡುಕಿ ತಂದೆ.

ಈಗ ಮೊಳೆ ಎಲ್ಲಿಟ್ಟೆನೋ, ಸಿಗುತ್ತಿಲ್ಲ.